ಒಂಟಿ ಡೈವರ್‌ಗೆ ಜೊತೆಗಾರ ಯಾಕೆ ಬೇಡ?

ಪ್ರಶ್ನೆ: ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾದ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಿದ್ದೇನೆ. ಒಬ್ಬರೇ ಯಾವತ್ತೂ ನೀರಿಗೆ ಇಳಿಯಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಈಚೆಗೆ ಬಾಲಿಯ ತುಲಂಬೆನ್‌ಗೆ ಹೋಗಿದ್ದೆ. ಅಲ್ಲಿ ವಯಸ್ಸಾದ ಒಬ್ಬರು ದೊಡ್ಡ ಕ್ಯಾಮೆರಾ ಹಿಡಿದು, ಪಕ್ಕಕ್ಕೊಂದು ಪುಟ್ಟ ಸಿಲಿಂಡರ್ ಕಟ್ಟಿಕೊಂಡು, ದಡದಿಂದ ಒಬ್ಬರೇ ಇಳಿದು ಹೋದರು. ಕೇಳಿದರೆ "ನನಗೆ ಹೀಗೇ ಇಷ್ಟ" ಅಂದರು. ಇದು ಹುಚ್ಚಲ್ವಾ? ಇನ್ನೊಂದು ವಿಷಯ. ನನ್ನ ಹೆಂಡತಿ ಡೈವ್ ಮಾಡುವುದಿಲ್ಲ. ಹೋದಲ್ಲೆಲ್ಲ ನನ್ನನ್ನು ಗುರುತಿಲ್ಲದವರ ಜೊತೆ ಹಾಕುತ್ತಾರೆ. ಅದಕ್ಕಿಂತ ಒಬ್ಬನೇ ಹೋಗುವುದೇ ವಾಸಿ ಅನ್ನಿಸುತ್ತಿದೆ. ಹೋಗಬಹುದಾ? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇದೆ. ಒಂಟಿ ಡೈವಿಂಗ್ ಮಾಡುವವರು ಮೌನ, ನೆಮ್ಮದಿ, ಸಮುದ್ರದ ಜೊತೆ ಒಂದಾಗುವುದು ಅಂತೆಲ್ಲ ಹೇಳುತ್ತಾರೆ. ಅದೂ ನಿಜವೇ. ಆದರೆ ಸ್ವಲ್ಪ ಕೆದಕಿ ಕೇಳಿದರೆ ಹೆಚ್ಚಿನವರ ಕಥೆ ಶುರುವಾಗುವುದು ಒಬ್ಬ ಕೆಟ್ಟ ಜೊತೆಗಾರನಿಂದ. "ಅದಕ್ಕಿಂತ ಒಬ್ಬನೇ ಹೋಗುವುದೇ ವಾಸಿ" ಅನ್ನಿಸಿದ್ದು ಮೊದಲು, ಏಕಾಂತದ ರುಚಿ ಹತ್ತಿದ್ದು ಆಮೇಲೆ.

ಜೊತೆಗಾರ, ಡೈವರ್‌ಗಳ ಬಾಯಲ್ಲಿ 'ಬಡಿ', ಯಾಕೆ ಬೇಕು ಅನ್ನುವುದನ್ನು ನಿಮಗೆ ಹೇಳಿಕೊಟ್ಟಿರುತ್ತಾರೆ. ನಿಮ್ಮ ಗಾಳಿ ಮುಗಿದರೆ ಅವನ ಇನ್ನೊಂದು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ನಿಮಗೆ. ಹಳೆಯ ಬಲೆಗೆ ಕಾಲು ಸಿಕ್ಕಿಕೊಂಡರೆ ಬಿಡಿಸಲು ಅವನ ಕೈ. ಆಳದಲ್ಲಿ ನಿಮ್ಮ ತಲೆ ಮಂಕಾದರೆ ಅದನ್ನು ಗಮನಿಸಲು ಅವನ ಕಣ್ಣು. ಪುಸ್ತಕದಲ್ಲಿ ಇದರಷ್ಟು ಒಳ್ಳೆಯ ವ್ಯವಸ್ಥೆ ಇಲ್ಲ.

ದೋಣಿಯಲ್ಲಿ ಆಗುವುದೇ ಬೇರೆ. ಡೈವ್‌ಮಾಸ್ಟರ್ ಪಟ್ಟಿ ನೋಡಿ "ನೀವೂ ನೀವೂ ಜೊತೆ" ಅನ್ನುತ್ತಾರೆ. ಹತ್ತು ನಿಮಿಷದ ಹಿಂದೆ ಮುಖ ನೋಡಿದ ಮನುಷ್ಯ. ಅವನು ಕೊನೆಯ ಸಲ ಯಾವಾಗ ಇಳಿದಿದ್ದ, ಗಾಬರಿಯಾದರೆ ಏನು ಮಾಡುತ್ತಾನೆ, ಒಂದೂ ಗೊತ್ತಿಲ್ಲ. ನೀರಿಗಿಳಿದ ಐದು ನಿಮಿಷಕ್ಕೆ ಅವನು ಆಮೆಯ ಹಿಂದೆ ಹೊರಟುಹೋಗುತ್ತಾನೆ. ಮಿಕ್ಕ ಮುಕ್ಕಾಲು ಗಂಟೆ ನೀವು ಅವನನ್ನು ಹುಡುಕುತ್ತಾ, ಕಾಯುತ್ತಾ, ಹವಳ ನೋಡುವುದನ್ನೇ ಬಿಟ್ಟು ಕಳೆಯುತ್ತೀರಿ. ಕಾಗದದ ಮೇಲೆ ಇಬ್ಬರು. ನೀರಿನೊಳಗೆ ಇಬ್ಬರೂ ಒಂಟಿ. ಅದೂ ಒಂಟಿಯಾಗಿರಲು ಬೇಕಾದ ಯಾವ ಸಾಮಾನೂ ಇಲ್ಲದ ಒಂಟಿ.

ಇದರ ಅಪಾಯ ಏನು ಅಂತ ಒಂದು ಉದಾಹರಣೆಯಲ್ಲೇ ನೋಡೋಣ. ನೀವು 18 ಮೀಟರ್ ಆಳದಲ್ಲಿದ್ದೀರಿ. ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ನೋಡುವುದು ಮರೆತಿದ್ದೀರಿ. ಉಸಿರು ಎಳೆಯುವುದು ಸ್ವಲ್ಪ ಬಿಗಿ ಅನ್ನಿಸುತ್ತದೆ. ಎರಡನೇ ಸಲ ಎಳೆದಾಗ ಇನ್ನೂ ಬಿಗಿ. ಮೂರನೇ ಸಲ ಏನೂ ಬರುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಯೋಚಿಸಿರುವುದಿಲ್ಲ. ಗಾಳಿ ಮುಗಿದದ್ದು ಗೊತ್ತಾಗುವುದು ಉಸಿರು ಎಳೆಯಲು ಹೋದಾಗ. ಅಂದರೆ ಉಸಿರು ಪೂರ್ತಿ ಬಿಟ್ಟಾದ ಮೇಲೆ. ಆ ಹೊತ್ತಿಗೆ ಜೊತೆಗಾರ ಹತ್ತು ಮೀಟರ್ ದೂರದಲ್ಲಿ, ಬೆನ್ನು ಹಾಕಿ, ಬಂಡೆಯ ಸಂದಿಯಲ್ಲಿ ಇಣುಕುತ್ತಿದ್ದಾನೆ ಅಂದುಕೊಳ್ಳಿ. ಖಾಲಿ ಎದೆಯಲ್ಲಿ, ಗಾಬರಿಯಲ್ಲಿ, ಹತ್ತು ಮೀಟರ್ ಈಜಿ ಅವನ ಭುಜ ತಟ್ಟಬೇಕು. ಅವನು ತಿರುಗಬೇಕು, ಅರ್ಥ ಮಾಡಿಕೊಳ್ಳಬೇಕು, ರೆಗ್ಯುಲೇಟರ್ ಕೊಡಬೇಕು. ತುಲಂಬೆನ್‌ನಲ್ಲಿ ನೀವು ನೋಡಿದ ಆ ಹಿರಿಯರು ಏನು ಮಾಡುತ್ತಾರೆ? ಎದೆಯ ಹತ್ತಿರ ನೇತಾಡುವ, ಆ ಪುಟ್ಟ ಸಿಲಿಂಡರಿನ ರೆಗ್ಯುಲೇಟರ್ ಬಾಯಿಗಿಟ್ಟುಕೊಳ್ಳುತ್ತಾರೆ. ಎರಡು ಸೆಕೆಂಡಿನ ಕೆಲಸ. ಈಗ ಹೇಳಿ, ಇಬ್ಬರಲ್ಲಿ ಯಾರು ಹುಚ್ಚರು?

ಇದಕ್ಕೆ ಅಂಕಿಯೂ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದ ಡೈವಿಂಗ್ ಸಾವುಗಳನ್ನು ಡಾ. ಕಾರ್ಲ್ ಎಡ್ಮಂಡ್ಸ್ ಮತ್ತು ಡಾ. ಡಗ್ಲಸ್ ವಾಕರ್ 1980ರ ದಶಕದಲ್ಲಿ ಒಂದೊಂದಾಗಿ ಪರಿಶೀಲಿಸಿದ್ದರು. ಸಾಯುವ ಹೊತ್ತಿನಲ್ಲಿ ಜೊತೆಗಾರ ಪಕ್ಕದಲ್ಲಿದ್ದದ್ದು ನೂರಕ್ಕೆ 14 ಜನರಿಗೆ ಮಾತ್ರ. ಮಿಕ್ಕವರಲ್ಲಿ ಬಹಳಷ್ಟು ಜನ ಒಂಟಿಯಾಗಿ ಇಳಿದವರಲ್ಲ. ಜೊತೆಯಲ್ಲೇ ಇಳಿದು, ನಡುವೆ ಬೇರೆಯಾದವರು. ಈ ಅಂಕಿಯನ್ನು ಎರಡು ಕಡೆಯವರೂ ಎಳೆದಾಡುತ್ತಾರೆ. "ನೋಡಿ, ಜೊತೆ ಬಿಟ್ಟವರು ಸತ್ತರು" ಅಂತ ಒಬ್ಬರು. "ನೋಡಿ, ಜೊತೆ ಅನ್ನುವುದು ಬೇಕಾದಾಗ ಇರುವುದೇ ಇಲ್ಲ" ಅಂತ ಇನ್ನೊಬ್ಬರು. ನನಗೆ ಕಾಣುವುದು ಇಷ್ಟು: ಜೊತೆಗಾರನನ್ನು ನಂಬಿಕೊಂಡು ತನ್ನ ಬಳಿ ಏನೂ ಇಟ್ಟುಕೊಳ್ಳದವನು, ಜೊತೆ ತಪ್ಪಿದ ಕ್ಷಣಕ್ಕೆ ಎಲ್ಲರಿಗಿಂತ ಬಡವ.

ಹಾಗೆ ನೋಡಿದರೆ ಸ್ಕೂಬಾ ಹುಟ್ಟಿದ್ದೇ ಹೆಚ್ಚುಕಡಿಮೆ ಒಂಟಿಯಾಗಿ. 1943ರ ಬೇಸಿಗೆಯಲ್ಲಿ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಜಾಕ್ ಕುಸ್ಟೋ, ತಾನೂ ಸೇರಿ ರೂಪಿಸಿದ ಆಕ್ವಾಲಂಗ್ ಅನ್ನುವ ಹೊಸ ಉಸಿರಾಟದ ಸಾಧನ ತೊಟ್ಟು ಸಮುದ್ರಕ್ಕಿಳಿದಾಗ ಕೆಳಗೆ ಇದ್ದದ್ದು ಅವನೊಬ್ಬನೇ. ಹೆಂಡತಿ ಸಿಮೋನ್ ಮೇಲೆ ತೇಲುತ್ತಾ ಮಾಸ್ಕ್‌ನಿಂದ ಕೆಳಗೆ ನೋಡುತ್ತಿದ್ದಳು. ಗೆಳೆಯ ಫ್ರೆಡೆರಿಕ್ ದ್ಯೂಮಾ ದಡದಲ್ಲಿ ತಯಾರಾಗಿ ಕೂತಿದ್ದ. ಕೆಳಗೆ ಒಬ್ಬ, ಮೇಲೆ ಕಾವಲು. ಕೆಲಸದ ಡೈವರ್‌ಗಳಲ್ಲಿ ಈ ಪದ್ಧತಿ ಇವತ್ತಿಗೂ ಇದೆ. ಬಂದರಿನಲ್ಲಿ ಹಡಗಿನ ತಳ ಬೆಸುಗೆ ಹಾಕುವವನು, ಕೆಸರು ನೀರಿನಲ್ಲಿ ಹೆಣ ಹುಡುಕುವ ಪೊಲೀಸ್ ಡೈವರ್, ಎಷ್ಟೋ ಸಲ ಕೆಳಗೆ ಒಬ್ಬನೇ ಇರುತ್ತಾನೆ. ಆದರೆ ಅವನಿಗೆ ಮೇಲಿನಿಂದ ಹಗ್ಗ ಕಟ್ಟಿರುತ್ತದೆ. ಕೆಲವರಿಗೆ ಗಾಳಿಯ ಕೊಳವೆ, ಮಾತಾಡಲು ತಂತಿ ಕೂಡ. ಇನ್ನೊಬ್ಬ ಡೈವರ್ ಸೂಟ್ ಹಾಕಿಕೊಂಡು ದಡದಲ್ಲಿ ಕಾದಿರುತ್ತಾನೆ. "ವೃತ್ತಿಪರರೇ ಒಬ್ಬರೇ ಇಳಿಯುತ್ತಾರೆ" ಅಂತ ವಾದ ಮಾಡುವವರು ಈ ಹಗ್ಗದ ವಿಷಯ ಮಾತ್ರ ಮೆಲ್ಲಗೆ ಬಿಟ್ಟುಬಿಡುತ್ತಾರೆ.

ನಿಜವಾದ ಒಂಟಿ ಪರಂಪರೆ ಇರುವುದು ಬ್ರಿಟನ್ನಿನ ಗುಹೆಗಳಲ್ಲಿ. ಅಲ್ಲಿನ ಕೇವ್ ಡೈವಿಂಗ್ ಗ್ರೂಪ್ 1946ರಿಂದ ಇದೆ. ಅಲ್ಲಿನ ಗುಹೆಗಳ ನೀರು ಕೊರೆಯುವಷ್ಟು ತಣ್ಣಗೆ, ಕೆಸರು ಎದ್ದರೆ ಕೈ ಚಾಚಿದರೆ ಕೈ ಕಾಣದು. ದಾರಿ ಕೆಲವು ಕಡೆ ಮನುಷ್ಯ ತೂರಿದರೆ ಸಾಕು ಅನ್ನುವಷ್ಟು ಕಿರಿದು. ಅಂಥ ಕಡೆ ಹಿಂದಿರುವವನಿಗೆ ಮುಂದಿರುವವನು ದಾರಿಗಡ್ಡ. ಮುಂದಿರುವವನಿಗೆ ಹಿಂದಿರುವವನು ಇನ್ನೊಂದು ಚಿಂತೆ. ಹಾಗಾಗಿ ಅವರ ಲೆಕ್ಕ ಸರಳ: ಪ್ರತಿಯೊಬ್ಬನೂ ಎರಡು ಸಿಲಿಂಡರ್, ಎರಡು ರೆಗ್ಯುಲೇಟರ್, ಒಂದಕ್ಕಿಂತ ಜಾಸ್ತಿ ದೀಪ ಹೊತ್ತುಕೊಂಡು, ತನ್ನ ಜೀವ ತಾನೇ ನೋಡಿಕೊಳ್ಳಬೇಕು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಸಿಕ್ಕಿಹಾಕಿಕೊಂಡಿದ್ದು ನೆನಪಿದೆಯಲ್ಲ? ಜುಲೈ 2ರಂದು ಅವರನ್ನು ಕಂಡುಹಿಡಿದ ರಿಕ್ ಸ್ಟಾಂಟನ್, ಜಾನ್ ವೊಲಾಂಥನ್ ಇದೇ ಬ್ರಿಟಿಷ್ ಗರಡಿಯವರು. ಜುಲೈ 8ರಿಂದ 10ರವರೆಗೆ ಮಕ್ಕಳನ್ನು ಹೊರಗೆ ತಂದಾಗ, ಪ್ರಜ್ಞೆ ತಪ್ಪಿಸಿದ ಒಂದೊಂದು ಮಗುವಿಗೆ ಒಬ್ಬೊಬ್ಬ ಡೈವರ್. ನೀರು ತುಂಬಿದ ಆ ಕತ್ತಲೆಯ ದಾರಿಯಲ್ಲಿ ಹೆಚ್ಚಿನ ಕಡೆ ಅವನಿಗೆ ಪಕ್ಕದಲ್ಲಿ ಸಹಾಯಕ್ಕೆ ಇನ್ನೊಬ್ಬನಿಲ್ಲ. ವರ್ಷಗಟ್ಟಲೆ ಒಂಟಿಯಾಗಿ ಅಭ್ಯಾಸ ಮಾಡಿದವರಲ್ಲದೆ ಬೇರೆ ಯಾರಿಂದಲೂ ಅದು ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಇಷ್ಟದ ವಿಷಯಕ್ಕೆ ಬರುತ್ತೇನೆ. ಕ್ಯಾಮೆರಾ ಹಿಡಿದವರೇ ಯಾಕೆ ಹೆಚ್ಚಾಗಿ ಒಂಟಿ? ತುಲಂಬೆನ್‌ನಲ್ಲಿ ಎಲ್ಲರೂ ಲಿಬರ್ಟಿ ಹಡಗಿನ ಅವಶೇಷ ನೋಡಲು ಓಡುತ್ತಾರೆ. 1942ರಲ್ಲಿ ಜಪಾನಿನ ಟಾರ್ಪಿಡೊ ತಿಂದು ದಡ ಸೇರಿ, 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಮತ್ತೆ ನೀರಿಗೆ ಜಾರಿದ ಹಡಗು ಅದು. ಆದರೆ ಅದರ ಸುತ್ತಲಿನ ಕಪ್ಪು ಮರಳಲ್ಲಿ ಇನ್ನೊಂದು ಲೋಕ ಇದೆ. ಮರಳಲ್ಲಿ ಬೆರಳು ಹೋಗುವಷ್ಟು ಒಂದು ತೂತು. ಬಾಯಲ್ಲಿ ಪುಟ್ಟ ಗೋಬಿ ಮೀನು ಕಾವಲು ಕೂತಿರುತ್ತದೆ. ಒಳಗಿನಿಂದ ಒಂದು ಸಿಗಡಿ ಬುಲ್ಡೋಜರ್ ಹಾಗೆ ಮರಳು ತಳ್ಳಿಕೊಂಡು ಬರುತ್ತದೆ, ಸುರಿಯುತ್ತದೆ, ಒಳಗೆ ಹೋಗುತ್ತದೆ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಹೊರಗೆ ಬಂದಾಗಲೆಲ್ಲ ಅದರ ಮೀಸೆಯ ತುದಿ ಮೀನಿನ ಮೈಗೆ ತಾಗಿಕೊಂಡೇ ಇರುತ್ತದೆ. ಮೀನು ಬಾಲ ಒಂದು ಸಲ ನಡುಗಿಸಿತೋ, ಸಿಗಡಿ ಮಾಯ. ಇನ್ನೂ ಹತ್ತಿರ ಹೋದರೆ ಮೀನೂ ಮಾಯ. ಆಮೇಲೆ ಬರೀ ತೂತು.

ಇದನ್ನು ನೋಡಬೇಕಾದರೆ ಮರಳಿಗೆ ಒಂದು ಗೇಣು ಮೇಲೆ, ಕೈಕಾಲು ಆಡಿಸದೆ, ಉಸಿರನ್ನು ನಿಧಾನ ಬಿಡುತ್ತಾ ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಜೊತೆಗಾರ ಇದ್ದರೆ ಏನಾಗುತ್ತದೆ? ಎರಡು ನಿಮಿಷಕ್ಕೆ ಅವನಿಗೆ ಬೇಜಾರು. ಮೂರನೇ ನಿಮಿಷಕ್ಕೆ ಬೆನ್ನ ಹಿಂದೆ ಸುತ್ತಾಡುತ್ತಾನೆ, ಫಿನ್ ಬೀಸಿ ಮರಳೆಬ್ಬಿಸುತ್ತಾನೆ. ನಾಲ್ಕನೇ ನಿಮಿಷಕ್ಕೆ "ಹೋಗೋಣ್ವಾ?" ಅಂತ ಸನ್ನೆ. ಅವನ ತಪ್ಪೇನೂ ಇಲ್ಲ, ಪಾಪ. ರಜೆ ಹಾಕಿ, ದುಡ್ಡು ಕೊಟ್ಟು ಬಂದಿದ್ದಾನೆ. ಹಡಗು ನೋಡಬೇಕು, ಆಮೆ ನೋಡಬೇಕು. ಇಬ್ಬರಿಗೂ ಅನ್ಯಾಯ. ಜೊತೆಗೆ ಇಬ್ಬರ ಗುಳ್ಳೆಯ ಸದ್ದಿಗೆ ಮೀನು ಇನ್ನೂ ದೂರ. ಒಂಟಿ ಡೈವರ್‌ಗಳು ಹೇಳುವ ಆ ನೆಮ್ಮದಿ ಇದೇ. ಯಾರನ್ನೂ ಕಾಯಿಸುತ್ತಿಲ್ಲ, ಯಾರಿಗೂ ಕಾಯುತ್ತಿಲ್ಲ. ದಿನವಿಡೀ ಹೊಸಬರನ್ನು ಕರೆದುಕೊಂಡು ಇಳಿಯುವ ನನ್ನಂಥವರಿಗೆ ಆ ಆಸೆ ಚೆನ್ನಾಗಿ ಅರ್ಥವಾಗುತ್ತದೆ. ಅಂದಹಾಗೆ ನಾಲ್ಕು ಜನ ಹೊಸಬರ ಜೊತೆ ಇಳಿಯುವ ಬೋಧಕನೂ ಲೆಕ್ಕದಲ್ಲಿ ಒಂಟಿಯೇ. ಅವನಿಗೇನಾದರೂ ಆದರೆ ಆ ನಾಲ್ವರಲ್ಲಿ ಯಾರು ಮೇಲೆತ್ತುತ್ತಾರೆ ಹೇಳಿ?

ಇಷ್ಟಾದ ಮೇಲೆ ಸಾಮಾನಿನ ವಿಷಯ. ನೀವು ನೋಡಿದ ಆ ಪುಟ್ಟದು ಪೋನಿ ಸಿಲಿಂಡರ್. ಮುಖ್ಯ ಸಿಲಿಂಡರಿಗೆ ಅದರ ಸಂಬಂಧವೇ ಇಲ್ಲ. ಅದಕ್ಕೆ ಅದರದೇ ರೆಗ್ಯುಲೇಟರ್, ಅದರದೇ ಗೇಜ್. ಒಂದು ಕೈಕೊಟ್ಟರೆ ಇನ್ನೊಂದು. ಆದರೆ ಅದರಲ್ಲಿ ಎಷ್ಟು ಗಾಳಿ ಇರಬೇಕು? ಇಲ್ಲಿ ಲೆಕ್ಕ ಮಾಡದೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀರಲ್ಲಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರಿನಲ್ಲಿ, ನೀರಿನ ಮೇಲಿನ ಗಾಳಿಯ ಒತ್ತಡವೂ ಸೇರಿ, ಒಟ್ಟು ನಾಲ್ಕು. ಅಲ್ಲಿ ಒಂದೊಂದು ಉಸಿರಿಗೂ ಮೇಲಿನ ನಾಲ್ಕರಷ್ಟು ಗಾಳಿ ಖರ್ಚು. ಗಾಬರಿಯಾದವನು ಮೇಲೆ ನಿಮಿಷಕ್ಕೆ 30 ಲೀಟರ್ ಎಳೆಯುತ್ತಾನೆ ಅಂತ ಇಟ್ಟುಕೊಳ್ಳೋಣ. ಕೆಳಗೆ ಅದು 120. ಏನಾಯಿತು ಅಂತ ಅರ್ಥ ಮಾಡಿಕೊಳ್ಳಲು ಒಂದು ನಿಮಿಷ: 120 ಲೀಟರ್. ನಿಮಿಷಕ್ಕೆ 9 ಮೀಟರಿನ ಹಾಗೆ 5 ಮೀಟರ್ ಆಳಕ್ಕೆ ಏರಲು ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ: ಸುಮಾರು 230. ಅಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್, ಅಂದರೆ ಮೇಲೆ ಬರುವ ಮೊದಲು ಸುರಕ್ಷತೆಗೆ ತಡೆದು ನಿಲ್ಲುವುದು: 135. ಅಲ್ಲಿಂದ ಮೇಲಕ್ಕೆ ಇನ್ನೊಂದು 20. ಒಟ್ಟು 500ಕ್ಕೆ ಸ್ವಲ್ಪ ಜಾಸ್ತಿ. ಮೂರು ಲೀಟರಿನ ಪೋನಿಯನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ 600 ಲೀಟರ್ ಗಾಳಿ ಸಿಗುತ್ತದೆ. ಸಾಕು, ಆದರೆ ಧಾರಾಳವೇನಲ್ಲ. ಅಂಗಡಿಗಳಲ್ಲಿ ನೋಡಲು ಮುದ್ದಾದ ಸಣ್ಣ ತುರ್ತು ಸಿಲಿಂಡರ್‌ಗಳೂ ಸಿಗುತ್ತವೆ. ಅದರಲ್ಲಿ ಇರುವುದು 85 ಲೀಟರಿನಷ್ಟು. ಇದೇ ಲೆಕ್ಕದಲ್ಲಿ 30 ಮೀಟರಿನಲ್ಲಿ ಅದು ಒಂದು ನಿಮಿಷವೂ ಬರುವುದಿಲ್ಲ. ಅದನ್ನು ಸೊಂಟಕ್ಕೆ ಕಟ್ಟಿ ಧೈರ್ಯವಾಗಿ ಆಳಕ್ಕೆ ಹೋಗುವವರಿದ್ದಾರೆ. ಏನೂ ಇಲ್ಲದಿದ್ದರೆ ಅವರು ಕನಿಷ್ಠ ಹೆದರಿಕೊಂಡು ಮೇಲೇ ಇರುತ್ತಿದ್ದರು.

ಪೋನಿಯ ಜೊತೆಗೆ ಆಳ, ಸಮಯ ಲೆಕ್ಕ ಹಾಕುವ ಎರಡು ಡೈವ್ ಕಂಪ್ಯೂಟರ್, ಇನ್ನೊಂದು ಮಾಸ್ಕ್, ಎರಡು ಕತ್ತರಿಸುವ ಸಾಧನ, ದೋಣಿಯವರಿಗೆ ಕಾಣುವಂತೆ ಮೇಲೆ ಬಿಡುವ ಉದ್ದ ಬಲೂನು, ಅಂದರೆ ಎಸ್‌ಎಂಬಿ. ಕತ್ತರಿಸುವ ಸಾಧನ ಯಾಕೆ ಎರಡು? ಒಂದು ಕೈ ಬಲೆಯಲ್ಲಿ ಸಿಕ್ಕಿದ್ದರೆ ಇನ್ನೊಂದು ಕೈಗೆ ಎಟುಕಬೇಕು. ನಮ್ಮ ಕರಾವಳಿಯಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಹರಿದ ನೈಲಾನ್ ಬಲೆ ಬಂಡೆಗೆ ಸುತ್ತಿಕೊಂಡಿರುತ್ತದೆ, ಮಬ್ಬು ನೀರಿನಲ್ಲಿ ಮೈಗೆ ತಾಗುವವರೆಗೂ ಕಾಣುವುದಿಲ್ಲ.

ಸರಿ, ಎಲ್ಲವೂ ಇದೆ ಅಂದುಕೊಳ್ಳಿ. ಜೊತೆಗಾರನ ಗಾಳಿಗೆ ಬದಲು ಪೋನಿ, ಅವನ ಚಾಕುವಿಗೆ ಬದಲು ಇನ್ನೊಂದು ಚಾಕು. ಅವನ ಎಚ್ಚರಕ್ಕೆ ಬದಲು ಏನು? ಒಂಟಿ ಡೈವಿಂಗ್ ಪರವಾಗಿ ವಾದಿಸುವ ನನ್ನ ಗೆಳೆಯರು ಇಲ್ಲಿಗೆ ಬಂದಾಗ ಮಾತು ಬದಲಿಸುತ್ತಾರೆ. ಆಳದಲ್ಲಿ ಎದೆ ಹಿಡಿದುಕೊಂಡರೆ, ಪ್ರಜ್ಞೆ ತಪ್ಪಿದರೆ, ಎಷ್ಟು ಸಿಲಿಂಡರ್ ಇದ್ದರೂ ಬಾಯಿಗಿಡುವವರು ಯಾರು? ಡೈವಿಂಗ್ ಸಾವುಗಳಲ್ಲಿ ಹೃದಯದ ತೊಂದರೆಗೆ ದೊಡ್ಡ ಪಾಲಿದೆ. ಒಂಟಿಯಾಗಿ ಇಳಿಯಲು ಬೇಕಾದ ಅನುಭವ, ದುಡ್ಡು, ತಾಳ್ಮೆ ಬರುವುದು ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ. ಹೃದಯ ಕೈಕೊಡುವ ವಯಸ್ಸೂ ಅದೇ. ಸಾರಜನಕದ ಅಮಲು ಇನ್ನೊಂದು ಅಪಾಯ. 30 ಮೀಟರ್ ಹತ್ತಿರ ಹೋದಂತೆ ತಲೆಗೆ ಹಿತವಾದ ಮಂಪರು ಹತ್ತುತ್ತದೆ. ಹತ್ತಿದವನಿಗೆ ತನಗೆ ಹತ್ತಿದೆ ಅಂತ ಗೊತ್ತಾಗುವುದೇ ಕಷ್ಟ, ಪಕ್ಕದವನಿಗೆ ಕಾಣುತ್ತದೆ. ಬುದ್ಧಿವಂತ ಒಂಟಿ ಡೈವರ್‌ಗಳು ಇದನ್ನು ಒಪ್ಪಿಕೊಂಡೇ ಇಳಿಯುತ್ತಾರೆ. ಆಳಕ್ಕೆ ಹೋಗುವುದಿಲ್ಲ, ಸೆಳೆತ ಇರುವ ಕಡೆ ಹೋಗುವುದಿಲ್ಲ, ಹಡಗಿನ ಒಳಗೆ ನುಗ್ಗುವುದಿಲ್ಲ. ಎಷ್ಟು ಹೊತ್ತಿಗೆ ಮೇಲೆ ಬರುತ್ತೇನೆ ಅಂತ ದಡದಲ್ಲಿ ಒಬ್ಬರಿಗೆ ಹೇಳಿಯೇ ಇಳಿಯುತ್ತಾರೆ. ಅಷ್ಟಾದರೂ ಉಳಿಯುವ ಅಪಾಯ ಉಳಿಯುತ್ತದೆ. ಅದು ನನ್ನದು, ನಾನು ಹೊರುತ್ತೇನೆ ಅನ್ನುವುದು ಅವರ ನಿಲುವು. ನಾನು ಅದನ್ನು ಗೌರವಿಸುತ್ತೇನೆ. ಮನೆಯಲ್ಲಿ ಕಾಯುವವರನ್ನೂ ಒಂದು ಮಾತು ಕೇಳಿದ್ದರೆ ಇನ್ನೂ ಜಾಸ್ತಿ ಗೌರವಿಸುತ್ತೇನೆ.

ನಿಮ್ಮ ವಿಷಯ. ಈಗ ಬೇಡ. ಡೈವಿಂಗ್ ತರಬೇತಿ ಸಂಸ್ಥೆಗಳೂ ಇದನ್ನೇ ಹೇಳುತ್ತವೆ. 1999ರಲ್ಲಿ ಎಸ್‌ಡಿಐ ಅನ್ನುವ ಸಂಸ್ಥೆ ಒಂಟಿ ಡೈವಿಂಗ್‌ಗೆಂದೇ ಕೋರ್ಸ್ ಶುರು ಮಾಡಿದಾಗ ಉಳಿದವರು ಹುಬ್ಬೇರಿಸಿದ್ದರು. 2011ರಲ್ಲಿ ಪ್ಯಾಡಿ ಅನ್ನುವ ಇನ್ನೊಂದು ಸಂಸ್ಥೆಯೂ 'ಸೆಲ್ಫ್ ರಿಲಯಂಟ್ ಡೈವರ್' ಅನ್ನುವ ನಾಜೂಕಾದ ಹೆಸರಿಟ್ಟು ಅದೇ ದಾರಿ ಹಿಡಿಯಿತು. ಎರಡಕ್ಕೂ ಕನಿಷ್ಠ 100 ಡೈವ್ ಆಗಿರಬೇಕು, ಅಡ್ವಾನ್ಸ್‌ಡ್ ಮಟ್ಟ ದಾಟಿರಬೇಕು. ಆ ಕೋರ್ಸಿನಲ್ಲಿ ಕಲಿಸುವುದು ಹೆಚ್ಚಾಗಿ ಮೇಲೆ ನಾನು ಹಾಕಿದಂಥ ಲೆಕ್ಕ, ಮತ್ತೆ ಪೋನಿಗೆ ಬದಲಾಯಿಸುವುದನ್ನು ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ. ಕಾರ್ಡ್ ಇದ್ದರೂ ಎಲ್ಲ ಕಡೆ ಬಿಡುವುದಿಲ್ಲ. ನಮ್ಮ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದರೆ ಗೈಡ್ ಜೊತೆ ಗುಂಪಿನಲ್ಲೇ ಇಳಿಯಬೇಕು, ಅದು ಸರಿಯೂ ಹೌದು. ಅದು ತೆರೆದ ಸಮುದ್ರ. ಸೆಳೆತ ಯಾವಾಗ ತಿರುಗುತ್ತದೆ ಹೇಳಲಾಗದು, ದಡ ಸುಮಾರು 19 ಕಿಲೋಮೀಟರ್ ದೂರ.

ಆದರೆ ಕೋರ್ಸಿನ ಅರ್ಧ ಪಾಠವನ್ನು ಈಗಲೇ, ಜೊತೆಗಾರನ ಪಕ್ಕದಲ್ಲೇ ಇದ್ದು ಕಲಿಯಬಹುದು. ನಿಮಿಷಕ್ಕೆ ನೀವು ಎಷ್ಟು ಗಾಳಿ ಎಳೆಯುತ್ತೀರಿ ಅಂತ ಪ್ರತಿ ಡೈವ್ ಆದ ಮೇಲೆ ಲಾಗ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ಬರೆದಿಡಿ. ಗೈಡ್ ಕೇಳುವ ಮೊದಲೇ ನಿಮ್ಮ ಗೇಜ್ ಎಷ್ಟು ತೋರಿಸುತ್ತದೆ ಅಂತ ಊಹಿಸಿ, ಆಮೇಲೆ ನೋಡಿ. ನಿಮ್ಮದೇ ಎಸ್‌ಎಂಬಿ ಕೊಂಡು ಬಿಡುವುದನ್ನು ಕಲಿಯಿರಿ. ಬಾಡಿಗೆ ಕಂಪ್ಯೂಟರ್ ಬಿಟ್ಟು ಸ್ವಂತದ್ದು ಮಾಡಿಕೊಳ್ಳಿ. ದುಡ್ಡಿದ್ದರೆ ಪೋನಿಯನ್ನೂ ತೆಗೆದುಕೊಳ್ಳಿ, ಜೊತೆಗಾರ ಇದ್ದಾಗ ಅದನ್ನು ಬಳಸಬಾರದು ಅಂತ ಯಾರೂ ಹೇಳಿಲ್ಲ.

ಗುರುತಿಲ್ಲದವರ ಜೊತೆ ಹಾಕಿದಾಗ ದೋಣಿಯಲ್ಲೇ ಐದು ನಿಮಿಷ ಮಾತಾಡಿ. ಕೊನೆಯ ಡೈವ್ ಯಾವಾಗ ಮಾಡಿದ್ದು ಅಂತ ಕೇಳಿ. ಇವತ್ತು ಏನು ನೋಡಬೇಕು ಅಂತಿದ್ದಾರೆ ಕೇಳಿ. ಅವರ ಎರಡನೇ ರೆಗ್ಯುಲೇಟರ್ ಎಲ್ಲಿ ಕಟ್ಟಿದೆ ಅಂತ ಕೈ ಹಾಕಿ ನೋಡಿ, ನಿಮ್ಮದನ್ನೂ ತೋರಿಸಿ. ಎಷ್ಟು ದೂರದ ಒಳಗೆ ಇರಬೇಕು, ಎಷ್ಟು ಬಾರ್ ಆದಾಗ ಹೇಳಬೇಕು, ಕಾಣದಿದ್ದರೆ ಒಂದು ನಿಮಿಷ ಹುಡುಕಿ ಇಬ್ಬರೂ ಮೇಲೆ ಬರಬೇಕು, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯ ಡೈವರ್ ಆದರೆ ಖುಷಿಯಿಂದ ಉತ್ತರ ಕೊಡುತ್ತಾರೆ, ತಿರುಗಿ ನಿಮ್ಮನ್ನೂ ಕೇಳುತ್ತಾರೆ. "ಅಯ್ಯೋ, ಅದೆಲ್ಲ ಯಾಕೆ, ಆರಾಮಾಗಿ ಹೋಗೋಣ ಬನ್ನಿ" ಅಂತ ನಕ್ಕರೆ ಮುಜುಗರ ಪಡದೆ ಡೈವ್‌ಮಾಸ್ಟರ್ ಹತ್ತಿರ ಹೋಗಿ ಬೇರೆ ಜೊತೆ ಕೇಳಿ. ಬೇರೆ ಯಾರೂ ಇಲ್ಲದಿದ್ದರೆ ಗೈಡ್ ಪಕ್ಕದಲ್ಲೇ ಇಳಿಯುತ್ತೇನೆ ಅನ್ನಿ. ಸ್ವಲ್ಪ ದುಡ್ಡು ಜಾಸ್ತಿ ಕೇಳಬಹುದು, ಕೊಡಿ.